ಬೇಯಿಸಿದ ಸಿಗಡಿಯ ಬಣ್ಣ

ಮಿಲ್ಲರ್ಸ್‌ಟೌನ್, ಪೆನ್ಸಿಲ್ವೇನಿಯಾ
ಭಾನುವಾರ, 27 ಆಗಸ್ಟ್ 1989

ಪ್ರೀತಿಯ ಹಾರ್ಲನ್,

ಸೊಂಟ ಹೇಗಿದೆ? ಲೊರೀನ್ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ. ಆದರೆ ನಮ್ಮ ಮಗಳು ಎಂಟನೇ ವಯಸ್ಸಿನಲ್ಲಿ ಮುಂದಿನ ಹಲ್ಲು ಮುರಿದುಕೊಂಡು ಬಂದಾಗಲೂ ಬಾಯಿಗೆ ಕೈ ಅಡ್ಡ ಹಿಡಿದು ಹಾಗೇ ಅಂದವಳು, ಆದ್ದರಿಂದ ನಿನ್ನನ್ನೇ ಕೇಳುತ್ತಿದ್ದೇನೆ. ಮೂಳೆ ಕೂಡಿದೆಯಂತೆ. ಕೋಲು ಹಿಡಿದು ಅಡುಗೆಮನೆಯವರೆಗೆ ನಡೆಯುತ್ತೀಯಂತೆ. ಅಂಗಳಕ್ಕೆ ಇಳಿ ಎಂದರೆ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತೀಯಂತೆ. ಇದು ನನಗೆ ಹಿಡಿಸಲಿಲ್ಲ. ಮಗಳ ಮನೆಯಲ್ಲಿ ಗೋಡೆ ನೋಡಿಕೊಂಡು ಮಲಗಲೆಂದು ನಿನ್ನನ್ನು ಒಹಾಯೋಗೆ ಕಳಿಸಿಲ್ಲ. ಅವಳ ಸಾರಿಗೆ ಉಪ್ಪು ಸಾಲದಿದ್ದರೆ ಸುಮ್ಮನೆ ಉಣ್ಣು, ಡಾಕ್ಟರು ಹೇಳಿದ್ದಕ್ಕೇ ಅವಳು ಕಡಿಮೆ ಹಾಕುತ್ತಿರುವುದು.

ನಾನು ಗಟ್ಟಿಯಾಗಿದ್ದೇನೆ. ಟೊಮೇಟೊ ಡಬ್ಬಿಗೆ ತುಂಬುವ ಕೆಲಸ ಮುಗಿಯಿತು. ಕಂದು ಕೋಳಿ ಮತ್ತೆ ಮೊಟ್ಟೆ ಇಡುತ್ತಿದೆ. ಬಲಗೈ ಹೆಬ್ಬೆರಳಿನಲ್ಲಿ ದಾರ ಕೊಯ್ದ ಗಾಯವೊಂದಿದೆ, ಅದಕ್ಕೆ ಮುಲಾಮು ಬೇಡ. ಆ ಗಾಯದ ಕತೆ ಹೇಳಲೆಂದೇ ಚರ್ಚಿನಿಂದ ಬಂದವಳು ಉಡುಪು ಕೂಡ ಬದಲಿಸದೆ ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ದೋಣಿ ಎಂಬ ಮಾತು ಬಂದ ಕೂಡಲೇ ನೀನು ಫೋನನ್ನು ಲೊರೀನ್ ಕೈಗೆ ದಾಟಿಸುತ್ತೀ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ. ಪೂರ್ತಿ ಓದು.

ಮೂರು ವಾರದ ಹಿಂದೆ ನೀನು ಬರೆದ ಚೀಟಿ ಬ್ರೆಡ್ಡಿನ ಡಬ್ಬಿಯ ಕೆಳಗಿದೆ. ಇದ್ದದ್ದು ಎರಡೇ ಸಾಲು. ದೋಣಿಯನ್ನು ಮರ್ಲ್‌ಗೆ ಕೊಟ್ಟುಬಿಡು, ಹೊಳೆಯಲ್ಲಿ ನಿಲ್ಲಲಾರದವನಿಗೆ ದೋಣಿ ಯಾಕೆ ಎಂದು. ಅದನ್ನು ನಾನು ಮೂರು ಸಲ ಓದಿದೆ. ಲೊರೀನ್ ಹುಟ್ಟಿದ ಚಳಿಗಾಲದಲ್ಲಿ ಕೊಟ್ಟಿಗೆಯೊಳಗೆ ದೀಪ ಕಟ್ಟಿಕೊಂಡು ನೀನು ದೇವದಾರು ಹಲಗೆ ಬಗ್ಗಿಸಿ ಮಾಡಿದ ದೋಣಿ ಅದು. ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಹಲಗೆ ಹಿಡಿದುಕೊಂಡವಳು ನಾನು. ಅಂಥದ್ದನ್ನು ಎರಡು ಸಾಲಿನಲ್ಲಿ ಕೊಟ್ಟುಬಿಟ್ಟೆಯಲ್ಲ. ಆದರೂ ಗಂಡನ ಮಾತನ್ನು ಮೀರಿದೆ ಎಂಬ ಹೆಸರು ನನಗೆ ಬೇಡವಾಗಿತ್ತು. ಬಂದು ನೋಡು ಎಂದು ಮರ್ಲ್ ಜೈಡರ್ಸ್‌ಗೆ ಹೇಳಿಕಳಿಸಿದೆ.

ನೋಡಲು ಬಾ ಎಂದರೆ ಅವನು ಬುಧವಾರ ತನ್ನ ಗಾಡಿಯ ಹಿಂದೆ ದೋಣಿ ಸಾಗಿಸುವ ಚೌಕಟ್ಟನ್ನು ಕಟ್ಟಿಕೊಂಡೇ ಬಂದ. ಇಪ್ಪತ್ತು ವರ್ಷದಿಂದ ಆ ದೋಣಿಯ ಮೇಲೆ ಕಣ್ಣಿಟ್ಟವನು, ಕುದುರೆಯ ಮೈ ತಡವಿದ ಹಾಗೆ ಅದರ ಪಕ್ಕವನ್ನು ತಡವಿದ. ನನಗೆ ಅದೂ ಬೇಜಾರಾಗಲಿಲ್ಲ. ಆಮೇಲೆ ಟೋಪಿ ತೆಗೆದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಅಂದ: "ಪಾಪ, ಹಾರ್ಲನ್‌ಗೆ ಇನ್ನು ಹೊಳೆ ಮುಗೀತು ಅನ್ನು."

ಮುಗಿಯಿತೋ ಇಲ್ಲವೋ ಎಂದು ಹೇಳಲು ಮರ್ಲ್ ಯಾರು? ನನಗೆ ಕಿವಿ ಬಿಸಿಯಾಯಿತು. ನಾನು ಅಂದೆ: "ಶನಿವಾರ ಅಗ್ನಿಶಾಮಕದವರ ಮೀನು ಹಿಡಿಯೋ ಪಂದ್ಯ ಇದೆ. ನಿನ್ನ ಮೀನು ನನ್ನ ಮೀನಿಗಿಂತ ಉದ್ದ ಬಂದ್ರೆ ಅಲ್ಲಿಂದಲೇ ದೋಣಿ ಎಳ್ಕೊಂಡು ಹೋಗು. ಇಲ್ಲಾಂದ್ರೆ ಇನ್ನೊಂದು ಸಲ ಈ ಅಂಗಳಕ್ಕೆ ಖಾಲಿ ಗಾಡಿ ತರಬೇಡ."

ಅವನಿಗೆ ನಗು ತಡೆಯಲಾಗಲಿಲ್ಲ. "ನೀನಾ? ಅರ್ವಿಲ್ಲಾ, ನೀನು ಹುಟ್ಟು ಹಾಕೋಳು ಕಣಮ್ಮಾ."

ಹೌದು, ನಲವತ್ತಾರು ವರ್ಷ ನಾನು ಹುಟ್ಟು ಹಾಕಿದವಳು. ನೀನು ಮುಂದೆ ನಿಂತು ಗಾಳ ಬೀಸುತ್ತಿದ್ದೆ, ನಾನು ಹಿಂದೆ ಕೂತು ದೋಣಿ ನಿಲ್ಲಿಸುತ್ತಿದ್ದೆ. ನೀನು ಎಸೆಯುತ್ತಿದ್ದ ಪ್ರತಿಯೊಂದು ಹುಸಿಹುಳುವನ್ನೂ ಅಡುಗೆಮನೆಯ ಮೇಜಿನ ಮೇಲೆ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಕಟ್ಟಿದವಳೂ ನಾನೇ. ಯಾವುದನ್ನು ಕಟ್ಟಬೇಕು ಎಂದು ಆರಿಸಿದವನು ಮಾತ್ರ ನೀನು. ಹೀಗೇ ನಡೆದುಬಂತು. ನಾನು ದೂರು ಹೇಳಲಿಲ್ಲ, ಈಗಲೂ ಹೇಳುತ್ತಿಲ್ಲ.

ನಾನು ಪಂದ್ಯಕ್ಕೆ ಇಳಿಯುತ್ತೇನೆ ಎಂದಷ್ಟನ್ನೇ ಲೊರೀನ್‌ಗೆ ತಿಳಿಸಿದೆ, ದೋಣಿಯ ವಿಷಯ ಹೇಳಲಿಲ್ಲ. ಮರುದಿನ ಅವಳು ಫೋನು ಮಾಡಿ, ಅಪ್ಪ ಮಲಗಿದಲ್ಲಿಂದಲೇ "ಕಿತ್ತಳೆ ಸಿಗಡಿ ಕಟ್ಟು ಅಂತ ಹೇಳು ಅವಳಿಗೆ" ಎಂದರು ಎಂದಳು. ಮೂರು ವಾರದಲ್ಲಿ ಹೊಳೆಯ ಬಗ್ಗೆ ನೀನು ಆಡಿದ ಒಂದೇ ಮಾತು ಅದು. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಒಲೆಯ ಮೇಲಿಟ್ಟ ಜೋಳ ಸೀದುಹೋಯಿತು. ಮಾತು ಮಾತ್ರ ತಪ್ಪು.

ನಿನ್ನ ಪೆಟ್ಟಿಗೆ ತೆರೆದೆ. ಹನ್ನೊಂದು ಕಿತ್ತಳೆ ಸಿಗಡಿಗಳು ಸಾಲಾಗಿ ಕೂತಿದ್ದವು, ಎಲ್ಲ ನಾನೇ ಕಟ್ಟಿದ್ದು. ನಮ್ಮ ಮದುವೆಯಾದ ಬೇಸಿಗೆಯಲ್ಲಿ ನಿನ್ನ ಅಣ್ಣಂದಿರು ಹೊಳೆದಂಡೆಯಲ್ಲಿ ಹಂಡೆಗಟ್ಟಲೆ ಸಿಗಡಿ ಬೇಯಿಸಿದ್ದು ನೆನಪಿದೆಯೇ? ನೀನು ಅದರಿಂದ ಒಂದನ್ನು ಎತ್ತಿ ನನ್ನ ಮುಂದೆ ಹಿಡಿದು, ಇದೇ ಬಣ್ಣದ್ದನ್ನು ಕಟ್ಟು, ಬಾಸ್ ಮೀನಿಗೆ ಪ್ರಾಣ ಅಂದೆ. ನಾನು ಹತ್ತೊಂಬತ್ತರ ಹುಡುಗಿ, ಕಟ್ಟಿದೆ. ಹಾರ್ಲನ್, ಸಿಗಡಿ ಕೆಂಪಾಗುವುದು ಬೆಂದ ಮೇಲೆ. ಜುನಿಯಾಟಾ ಹೊಳೆಯಲ್ಲಿ ಬೆಂದ ಸಿಗಡಿ ಓಡಾಡುವುದನ್ನು ಯಾವ ಮೀನೂ ಕಂಡಿಲ್ಲ. ಜೂನಿನಲ್ಲಿ ನೀರು ಏರಿ ಕದಡಿರುವಾಗ ಅದು ನಡೆಯುತ್ತದೆ, ಆಗ ಮೀನು ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಆಗಸ್ಟ್ ಕೊನೆಯಲ್ಲಿ ನೀರು ಮೊಣಕಾಲಿಗೆ ಇಳಿದು ಕನ್ನಡಿಯ ಹಾಗೆ ತಿಳಿಯಾದಾಗ ಅದೇ ಮೀನು ಅನುಮಾನದ ಮುದುಕಿಯಾಗುತ್ತದೆ. ಮಳೆ ಬಂದು ಹೊಳೆ ಕದಡಿದ್ದ ನಾಲ್ಕು ವರ್ಷ ಬಿಟ್ಟರೆ, ಪ್ರತಿ ವರ್ಷ ಈ ತಿಂಗಳು ನೀನು ಬರಿಗೈಯಲ್ಲಿ ಬಂದು ನೀರು ಬಿಸಿಯಾಗಿದೆ ಎಂದು ನೀರನ್ನು ಬಯ್ಯುತ್ತಿದ್ದೆ. ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿದ್ದದ್ದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ.

ಶುಕ್ರವಾರ ಬೆಳಿಗ್ಗೆ ಸ್ಕರ್ಟು ಎತ್ತಿಕಟ್ಟಿ ಹೊಳೆಗಿಳಿದೆ. ದಂಡೆಯಲ್ಲಿ ಕಲ್ಲುಗಳನ್ನು ಒಂದೊಂದಾಗಿ ಮಗುಚಿ ನೋಡಿದೆ. ಆರನೆಯ ಕಲ್ಲಿನಡಿ ಇತ್ತು, ಆಗಷ್ಟೇ ಚಿಪ್ಪು ಕಳಚಿದ ಸಿಗಡಿ, ಹೆಬ್ಬೆರಳಿನ ಉದ್ದ. ಮೈ ಬೆಣ್ಣೆಯ ಹಾಗೆ ಮೆತ್ತಗೆ. ಬಣ್ಣ ಹಾವಸೆ ಹಿಡಿದ ಕಲ್ಲಿನದು, ಹಸಿರೂ ಅಲ್ಲ ಕಂದೂ ಅಲ್ಲ. ಕಲ್ಲು ಎತ್ತಿದರೂ ಓಡಲಿಲ್ಲ. ಇಕ್ಕಳದಂಥ ಮುಂಗಾಲುಗಳನ್ನು ಮುದುರಿಕೊಂಡು ಅಲ್ಲೇ ಕೂತಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಮತ್ತೆ ಕಲ್ಲಿನಡಿ ಬಿಟ್ಟು ಮನೆಗೆ ಬಂದೆ.

ಆ ಬಣ್ಣದ ನೂಲು ನನ್ನ ಬುಟ್ಟಿಯಲ್ಲಿ ಇರಲಿಲ್ಲ. ಎಲ್ಲಿ ಸಿಕ್ಕಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ, ಸಿಟ್ಟಾಗಬೇಡ. ಮುಂಗಾಲಿಗೆ ಅಳಿಲಿನ ಬಾಲದ ಕೂದಲು, ಕಾಲಿಗೆ ಕಂದು ಕೋಳಿಯ ಗರಿ. ಮಲಗುವ ಕೋಣೆಯ ದೀಪ ಹೊತ್ತಿಸಲು ಎಳೆಯುವ ಲೋಹದ ಮಣಿಸರದಿಂದ ಎರಡು ಮಣಿ ಕತ್ತರಿಸಿ ಕಣ್ಣು ಮಾಡಿದೆ. ಆ ಭಾರಕ್ಕೆ ಕೊಕ್ಕೆ ಮಗುಚಿಕೊಂಡು ಮೊನೆ ಮೇಲಕ್ಕಿರುತ್ತದೆ, ತಳದ ಕಲ್ಲಿಗೆ ಸುಲಭವಾಗಿ ಸಿಗುವುದಿಲ್ಲ. ಅದು ಬೇಕೇ ಬೇಕಿತ್ತು. ಆ ಪಂದ್ಯದಲ್ಲಿ ಒಬ್ಬರಿಗೆ ಒಂದೇ ಹುಸಿಹುಳು, ಕಳೆದುಕೊಂಡರೆ ದಂಡೆಗೆ ಬಂದು ಕೂರುವುದು.

ಶನಿವಾರ ನಾಲ್ಕು ಗಂಟೆಗೆ ಹೊಳೆದಂಡೆಯ ಅಗ್ನಿಶಾಮಕ ಠಾಣೆಯ ಮುಂದೆ ಊರೆಲ್ಲ ಸೇರಿತ್ತು, ಜೋಳ ಮತ್ತು ಕೋಳಿಯ ಸಾರು ಕುದಿಯುತ್ತಿತ್ತು. ಒನೈಡಾ ಬಾಶೋರ್ ಎಂದಿನಂತೆ ಪುಸ್ತಕ ಹಿಡಿದು ಕೂತು ಎಲ್ಲರ ಹುಳು ಬರೆದುಕೊಳ್ಳುತ್ತಿದ್ದಳು. ನನ್ನದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. "ಏನಂತ ಬರೀಲೇ ಅರ್ವಿಲ್ಲಾ? ಸಿಗಡಿ ಅಂತಲೋ, ಒಲೆ ಒರೆಸೋ ಬಟ್ಟೆ ಅಂತಲೋ?" ಎಲ್ಲರೂ ನಕ್ಕರು. ಸಿಗಡಿ ಅಂತ ಬರಿ, ಅಕ್ಷರ ಚೆನ್ನಾಗಿರಲಿ, ಆಮೇಲೆ ಗೆದ್ದವರ ಹಲಗೆಗೆ ನಕಲು ಮಾಡಬೇಕಾಗತ್ತೆ ಎಂದೆ. ಮರ್ಲ್ ತನ್ನ ಬಿಳಿಹುಳುವನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸುತ್ತಿದ್ದ. ಆಗಸ್ಟ್ ಕೊನೆಯ ಸಂಜೆಗಳಲ್ಲಿ ಹೊಳೆಯಿಂದ ಏಳುವ ಬಿಳಿಹುಳುಗಳ ತದ್ರೂಪು, ಚೆನ್ನಾಗಿಯೇ ಕಟ್ಟಿದ್ದ. "ನಂದು ಎಂಟು ಗಂಟೆಗೆ ಕೆಲಸಕ್ಕೆ ಹತ್ತತ್ತೆ, ಅಲ್ಲೀತನಕ ನಾನು ಸಾರು ಕುಡೀತೀನಿ" ಅಂದ.

ನಾನು ಒಬ್ಬಳೇ ಹುಟ್ಟು ಹಾಕಿಕೊಂಡು ಹೋದೆ. ಮೂರು ತಾಸು ಏನೂ ಇಲ್ಲ, ಒಂಬತ್ತಿಂಚಿನ ಮರಿಗಳು ನಾಲ್ಕು. ಆರು ಗಂಟೆಗೆ ಹುಳು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಮೊನೆ ಮೇಲಿದ್ದರೇನು, ಸಂದಿಗೆ ಅದು ಗೊತ್ತೇ? ಎಳೆದರೆ ದಾರ ಹರಿಯುತ್ತದೆ, ದೋಣಿ ಹೋಗುತ್ತದೆ. ಮರ್ಲ್‌ನ ಗಾಡಿ ದಂಡೆಯ ಮೇಲೆ ನಿಂತಿರುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಗಾಳದ ಕೋಲನ್ನು ಮೊಣಕಾಲಿನ ನಡುವೆ ಹಿಡಿದು, ದಾರ ಸಡಿಲ ಬಿಟ್ಟು, ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕಿದೆ. ಬಂಡೆಯ ಆ ಬದಿಗೆ ಹೋಗಿ ದಾರವನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಎಳೆದೆ. ಬಂತು. ಹೆಬ್ಬೆರಳು ಕೊಯ್ದದ್ದು ಆಗಲೇ. ನಿಂತು ಬೀಸಿದವರಿಗೆ ಇದು ಬರುವುದಿಲ್ಲ ಹಾರ್ಲನ್, ಕೂತು ಹುಟ್ಟು ಹಾಕಿದವರಿಗೇ ಬರುವುದು. ಇದನ್ನು ನೆನಪಿಟ್ಟುಕೋ.

ಎಂಟಕ್ಕೆ ಸರಿಯಾಗಿ ಬಿಳಿಹುಳುಗಳು ಎದ್ದವು. ಮೊದಲು ಹತ್ತಿಪ್ಪತ್ತು, ಆಮೇಲೆ ಹಿಮ ಕೆಳಗಿನಿಂದ ಮೇಲಕ್ಕೆ ಬೀಳುತ್ತಿರುವಂತೆ. ನನ್ನ ಕನ್ನಡಕದ ಮೇಲೂ ಕೂತವು. ಹೊಳೆಯ ತುಂಬ ಮೀನುಗಳು ಬಾಯಿ ಬಿಡುವ ಸದ್ದು. ಮರ್ಲ್ ಎರಡನೆಯ ಎಸೆತಕ್ಕೇ ಒಂದನ್ನು ಹಿಡಿದ. ಒನೈಡಾ ಅಳೆದು ದಂಡೆಯಿಂದ ಕೂಗಿದಳು, ಹದಿನೆಂಟೂಕಾಲು ಇಂಚು. ಜನ ಚಪ್ಪಾಳೆ ತಟ್ಟಿದರು. ಮರ್ಲ್ ಮತ್ತೆ ಎಸೆದ, ಮತ್ತೆ ಎಸೆದ, ಆದರೆ ಹತ್ತು ಸಾವಿರ ನಿಜವಾದ ಹುಳುಗಳ ನಡುವೆ ಅವನದೊಂದನ್ನು ಹುಡುಕಿ ತಿನ್ನಲು ಮೀನಿಗೇನು ಬಂದಿದೆ?

ನಾನು ಹಳೆಯ ಹಾವುಮೀನಿನ ಗೋಡೆಯ ಹತ್ತಿರ ಲಂಗರು ಬಿಟ್ಟೆ. ನಮಗಿಂತ ಎಷ್ಟೋ ಮೊದಲು ಇಲ್ಲಿದ್ದವರು ಹಾವುಮೀನು ಹಿಡಿಯಲು ಹೊಳೆಗೆ ಅಡ್ಡಲಾಗಿ ಕಲ್ಲು ಜೋಡಿಸಿದ ಆ ಜಾಗದಲ್ಲಿ, ಗೋಡೆ ಕುಸಿದ ಮೂಲೆಯಲ್ಲಿ ಒಂದು ಮೀನೂ ಮೇಲೇಳುತ್ತಿರಲಿಲ್ಲ. ಹೊಳೆಯೆಲ್ಲ ಕುದಿಯುವಾಗ ಒಂದು ಮೂಲೆ ಸುಮ್ಮನಿದ್ದರೆ ಅಲ್ಲಿ ಯಾರೋ ದೊಡ್ಡವರು ಇದ್ದಾರೆ, ಚಿಕ್ಕವು ಹೆದರಿ ದೂರವಿವೆ. ಇಷ್ಟು ವರ್ಷ ನಿನ್ನ ಬೆನ್ನಿನ ಹಿಂದೆ ಕೂತು ನಾನು ಕಲಿತದ್ದು ಇದು. ಎಸೆದೆ. ಮುಳುಗಲು ಬಿಟ್ಟೆ. ನಿನ್ನ ಹಾಗೆ ಜಗ್ಗಲಿಲ್ಲ. ಚಿಪ್ಪು ಕಳಚಿದ ಸಿಗಡಿ ಓಡುವುದಿಲ್ಲ, ಅಡಗಿ ಕೂರುತ್ತದೆ. ಮನಸ್ಸಿನಲ್ಲಿ ಎಂಟರವರೆಗೆ ಎಣಿಸಿದೆ. ಒಂಬತ್ತಕ್ಕೆ ದಾರ ತಾನಾಗಿಯೇ ಪಕ್ಕಕ್ಕೆ ನಡೆಯಿತು.

ಎತ್ತಿದೆ. ಮೀನು ಎರಡು ಸಲ ನೀರಿನಿಂದ ಹೊರಗೆ ನೆಗೆದು ತಲೆ ಒದರಿತು. ಕತ್ತಲಾಗುತ್ತಿದ್ದ ಬೆಳಕಿನಲ್ಲೂ ಅದರ ಕಂಚಿನ ಬೆನ್ನು ಕಂಡಿತು. ಮೂರನೆಯ ಸಲ ದೋಣಿಯ ಅಡಿಗೆ ನುಗ್ಗಿದಾಗ ಮುಗಿಯುವ ಸೈರನ್ನು ಕೂಗಿತು. ಸೈರನ್ನಿಗೆ ಮೊದಲು ಸಿಕ್ಕ ಮೀನು ಲೆಕ್ಕಕ್ಕಿದೆ, ಆದರೆ ದಂಡೆಗೆ ಬರಬೇಕು. ಊರಿಗೆ ಊರೇ ನೀರಿನಂಚಿಗೆ ಇಳಿದು ನಿಂತಿತ್ತು. ನಾನು ದೇವರಿಗೆ ಹರಕೆ ಹೊರಲಿಲ್ಲ. ಮೀನಿಗೆ ಹೇಳಿದೆ, ನಿನ್ನನ್ನು ಅಳೆದು ಬಿಟ್ಟುಬಿಡ್ತೀನಿ, ನನಗೆ ದೋಣಿ ಸಾಕು ಎಂದು.

ಇಪ್ಪತ್ತೂವರೆ ಇಂಚು. ಒನೈಡಾ ಎರಡು ಸಲ ಅಳೆದಳು. ಕೊಟ್ಟ ಮಾತಿನಂತೆ ಬಿಟ್ಟೆ, ಬಾಲ ಬಡಿದು ನನ್ನ ಮುಖಕ್ಕೆ ನೀರು ಹಾರಿಸಿ ಹೋಯಿತು. ಹಲಗೆಯ ಮೇಲೆ ನಿನ್ನ ಹೆಸರು ನಾಲ್ಕು ಸಲ ಇದೆ. ಈಗ ಅದರ ಕೆಳಗೆ ನನ್ನದು, ಪಕ್ಕದಲ್ಲಿ ಸಿಗಡಿ ಎಂದು ಒನೈಡಾಳ ಒಳ್ಳೆಯ ಅಕ್ಷರದಲ್ಲಿ. ಬಹುಮಾನಕ್ಕೆ ಹೊಗೆಗಿಟ್ಟ ಹಂದಿಯ ತೊಡೆ ಸಿಕ್ಕಿದೆ, ನೀನು ಬರುವವರೆಗೆ ಕತ್ತಿ ಇಡುವುದಿಲ್ಲ. ಮರ್ಲ್ ಹತ್ತಿರ ಬಂದು ಟೋಪಿ ತೆಗೆದ, ಈ ಸಲ ಸಾವಿನ ಮನೆಯ ದನಿ ಇರಲಿಲ್ಲ. "ಆ ಹುಳು ಒಂದ್ಸಲ ತೋರಿಸೇ ಅರ್ವಿಲ್ಲಾ" ಅಂದ. ಮುಷ್ಟಿ ಮುಚ್ಚಿ ಜೇಬಿಗೆ ಹಾಕಿಕೊಂಡೆ.

ಮಗಳಿಗೆ, ಅಳಿಯನಿಗೆ ನನ್ನ ಹಾರೈಕೆ. ಔಷಧಿ ಹೊತ್ತಿಗೆ ಸರಿಯಾಗಿ ತಗೋ. ಕೋಳಿಗಳೂ ಹೊಳೆಯೂ ನಿನ್ನನ್ನು ಕೇಳುತ್ತಿವೆ, ನಾನು ಕೇಳುತ್ತೇನೆಂದು ಬೇರೆ ಬರೆಯಬೇಕಾಗಿಲ್ಲ.

ನಿನ್ನ,
ಅರ್ವಿಲ್ಲಾ

ಮರೆತೆ: ಅಂಚೆಗೆ ಹಾಕಲು ಹೊರಟವಳು ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ. ಅಂಗಳದಲ್ಲಿ ಸುತ್ತಿಗೆಯ ಸದ್ದು. ಮರ್ಲ್ ಬಂದಿದ್ದಾನೆ, ಖಾಲಿ ಗಾಡಿಯಲ್ಲಿ ಅಲ್ಲ, ಹಲಗೆ ಮೊಳೆ ತಂದಿದ್ದಾನೆ. ದೋಣಿಯಲ್ಲಿ ಹುಟ್ಟು ಹಾಕುವ ಜಾಗಕ್ಕೆ ಬೆನ್ನೊರಗುವ ಪೀಠ ಕೂರಿಸುತ್ತಿದ್ದಾನೆ, ಕೇಳದೆಯೇ. ನಿಲ್ಲಬೇಡ ಎಂದ ಡಾಕ್ಟರು, ಕೂತು ತೋಳು ಆಡಿಸಿದರೆ ಸೊಂಟಕ್ಕೆ ಒಳ್ಳೆಯದು ಎಂದದ್ದನ್ನು ಲೊರೀನ್ ಕೇಳಿ ತಿಳಿದುಕೊಂಡಿದ್ದಾಳೆ. ಆದ್ದರಿಂದ ಇನ್ನು ಮೇಲೆ ಹುಟ್ಟು ನಿನ್ನದು, ಮುಂದೆ ನಿಲ್ಲುವವಳು ನಾನು, ಹುಳು ಆರಿಸುವವಳೂ ನಾನೇ. ಹೊಳೆ ತಣ್ಣಗಾಗುವ ಮೊದಲು ಬಾ. ಗೆದ್ದ ಹುಳುವನ್ನು ಮೊನೆಗೆ ಬೆಂಡು ಚುಚ್ಚಿ ಈ ಲಕೋಟೆಯೊಳಗೆ ಇಟ್ಟಿದ್ದೇನೆ. ಬಣ್ಣ ಗುರುತು ಸಿಕ್ಕಿರಬೇಕು, ಅದು ನಿನ್ನ ಪಾಚಿ ಬಣ್ಣದ ಸ್ವೆಟರಿನ ಎಡತೋಳು. ಬಲತೋಳು ಇನ್ನೂ ಇದೆ, ಬಿಚ್ಚಿ ಕಟ್ಟಲು ನೀನು ಬರಲೆಂದು ಕಾಯುತ್ತಿದ್ದೇನೆ.