ಹದಿನೆಂಟು ಗುಡ್ಡೆ

ಮಾರ್ಚ್ ೯, ಭಾನುವಾರ. ಸಂಜೆ ಐದು

ತೂಕದ ಮಿಷನ್ ಒರೆಸಿ, ಷಟರ್ ಅರ್ಧ ಎಳೆದು ಕೂತೆ. ಇವತ್ತು ನೂರಹತ್ತು ಕೋಳಿ. ಬಾಳ್ಳುಪೇಟೆಯಂಥ ಊರಲ್ಲಿ, ಒಂದೇ ಅಂಗಡಿಯಲ್ಲಿ! ಹನ್ನೆರಡು ವರ್ಷದಿಂದ ಕೊಯ್ಯುತ್ತಿದ್ದೀನಿ, ಆಶ್ಚರ್ಯ ಮಾತ್ರ ಹೋಗಿಲ್ಲ. ತಿನ್ನುವವರು ಎಲ್ಲಿಂದ ಬರುತ್ತಾರೋ.

ನಾಲ್ಕಕ್ಕೆ ನಮ್ಮನೆಯವರು ಮಂಗಳೂರಿಂದ ಪಿಕಪ್‌ನಲ್ಲಿ ಮೀನು ತಂದರು. ಮಾವ ಅಂಗಡಿ ಮುಂದಿನ ಕಲ್ಲುಬೆಂಚಿನಿಂದ ಎದ್ದು ಬಂದು ಐಸ್ ಕೆದಕಿ ಒಂದು ಬಂಗುಡೆ ಎತ್ತಿದರು.

"ಬೆಳಗ್ಗೆ ಇದು ಸಮುದ್ರದಾಗಿತ್ತೇನೋ ಗಣೇಶ?"

"ಹೂಂ ಕಣಪ್ಪ."

"ನಾನು ಸಮುದ್ರನೇ ನೋಡಿಲ್ಲ. ಅದೇ ನಮ್ ಬಾಗ್ಲಿಗೆ ಬತ್ತೈತೆ ನೋಡು."

ಮಾವನ ಕಾಲದಲ್ಲಿ ಮಳೆಗಾಲಕ್ಕೆ ಗದ್ದೆ ಏಡಿ, ಬೇಸಿಗೆಗೆ ಸಂತೆಯ ಒಣಮೀನು. ಕುರಿ ಬಾಡು ವರ್ಷಕ್ಕೆ ಮೂರೇ ಸಲ — ಯುಗಾದಿ ಮಾರನೆಯ ವರ್ಷತೊಡಕು, ಹಿರಿಯರ ಅಮಾವಾಸ್ಯೆ, ಮಾರಮ್ಮನ ಹಬ್ಬ. ಅದೂ ಅಂಗಡಿಯದ್ದಲ್ಲ, ಗುಡ್ಡೆ ಬಾಡು.

ಮಾರ್ಚ್ ೧೬, ಭಾನುವಾರ

ಊರಲ್ಲಿ ಸಭೆ. ಈ ವರ್ಷತೊಡಕಿಗೆ ಮತ್ತೆ ಗುಡ್ಡೆ ಹಾಕಬೇಕಂತೆ! ಹನ್ನೆರಡು ವರ್ಷ ಆಗಿತ್ತು ನಿಂತು. ಯಾಕೆ ನಿಂತಿತು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಅಂಗಡಿ ತೆಗೆದೆ, ಅದಕ್ಕೇ. ಬೇಕೆಂದಾಗ ಅರ್ಧ ಕೆಜಿ ಸಿಕ್ಕುವಾಗ ಹಬ್ಬಕ್ಕೆ ಕಾಯುವವರು ಯಾರು.

ಊರವರೆಲ್ಲ ಸೇರಿ ಕುರಿ ಕಡಿಯುವುದು. ಮನೆಗೊಂದರಂತೆ ಹದಿನೆಂಟು ಬಾಳೆಎಲೆ. ಎಲ್ಲಾ ಎಲೆಗೂ ಎಲ್ಲಾ ಭಾಗ ಬರುವಂತೆ ಗುಡ್ಡೆ. ತೂಕವಿಲ್ಲ, ಕೈಯೇ ತಕ್ಕಡಿ. ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳಬಹುದು, ಹಾಕಿದವನಿಗೆ ಮಾತ್ರ ಕೊನೆಗೆ ಉಳಿದದ್ದು. ಇದೊಂದೇ ಕಾನೂನು.

ಹಾಕುವವರು ನಮ್ಮ ಮಾವ, ದ್ಯಾವಯ್ಯ. ಮೂವತ್ತು ವರ್ಷ ಹಾಕಿದ್ದಾರೆ, ಒಂದು ಸಲವೂ ತಕರಾರಿಲ್ಲ. ಸಭೆಯಿಂದ ಬಂದವರು ಕತ್ತಿ ಮಸೆಯುತ್ತಾ ಕೂತರು, ಮುಖದಲ್ಲಿ ಮದುಮಗನ ಕಳೆ. ನನಗೆ ಮಾತ್ರ ಹೆದರಿಕೆ. ಅವರ ಒಂದು ಕಣ್ಣಿಗೆ ಪೊರೆ ಬಂದಿದೆ. ಇನ್ನೊಂದು ಕಣ್ಣು ಆಪರೇಷನ್ ಆದಮೇಲೂ ಅಷ್ಟಕ್ಕಷ್ಟೇ. ಊರೆಲ್ಲ ನೋಡುವಾಗ ತಪ್ಪಿದರೆ?

ಮಾರ್ಚ್ ೩೧, ಸೋಮವಾರ. ಬೆಳಗ್ಗೆ ಹತ್ತು

ಮಾವ ಗುಡ್ಡೆ ಹಾಕುವುದನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಅಬ್ಬಾ! ಎಲೆಯನ್ನು ನೋಡುವುದೇ ಇಲ್ಲ. ತುಂಡು ಕೈಗೆ ಬರುತ್ತದೆ, ಒಂದು ಕ್ಷಣ ಅಂಗೈಯಲ್ಲಿ ನಿಲ್ಲುತ್ತದೆ, ಯಾವುದೋ ಎಲೆಗೆ ಹೋಗುತ್ತದೆ. ಈಲಿ, ಬೋಟಿ, ತೊಡೆ, ಪಕ್ಕೆಲುಬು... ಬಾಯಿ ತೆರೆದು ನಿಂತಿದ್ದೆ.

ಆಮೇಲೆ ಎಲ್ಲರೂ ಮಾರಮ್ಮನ ಗುಡಿಗೆ ಪೂಜೆಗೆ ಹೋದರು. ಕಾಗೆ, ನಾಯಿ ಬಾಯಿ ಹಾಕದಂತೆ ಕಾಯಲು ನಾನೊಬ್ಬಳೇ.

ಬ್ಯಾಗಲ್ಲಿ ಮಿಷನ್ ಇತ್ತು. ಬೇಕೆಂದೇ ತಂದಿದ್ದೆ. ಇಟ್ಟು ನೋಡಿದೆ — ಒಂದು ಎಲೆ ಒಂದೂವರೆ ಕೆಜಿ, ಇನ್ನೊಂದು ಒಂದು ಕೆಜಿ ನೂರು ಗ್ರಾಂ! ಹೋಯ್ತು, ಮಾವನ ಕೈ ಹೋಯ್ತು. ಭಾರದ ಗುಡ್ಡೆಯಿಂದ ನಾಕು ಮೆತ್ತನೆ ತುಂಡು ತೆಗೆದು ಹಗುರದ್ದಕ್ಕೆ ಹಾಕಿದೆ. ಹೀಗೇ ಹದಿನೆಂಟೂ. ಮಂಗಳಾರತಿ ಗಂಟೆ ಕೇಳುವಷ್ಟರಲ್ಲಿ ಎಲ್ಲಾ ಒಂದು ಮುನ್ನೂರಕ್ಕೆ ನಿಂತವು. ಯಾರೂ ನೋಡಲಿಲ್ಲ. ಮಾವನ ಮಾನ ಉಳಿಸಿದೆ.

ಅದೇ ದಿನ. ಹನ್ನೆರಡೂವರೆ

ಗುಡ್ಡೆ ಎತ್ತಿಕೊಂಡು ಹೋಗಿದ್ದ ಬಸವಯ್ಯ ಪಾತ್ರೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಹಿಂದೆ ಇಂದ್ರಮ್ಮ, ಇನ್ನಿಬ್ಬರು.

"ಇದೇನ್ ದ್ಯಾವಣ್ಣ, ಬರೀ ಮೂಳೆನೇ ಐತಲ್ಲೋ ಮಾರಾಯ! ಆ ಕಡೆ ಮನೆಯೋರ್ಗೆ ಬರೀ ಮೆತ್ತಂದು ಹೋಗ್ಬುಟ್ಟೈತೆ."

ಮಾವ ಪಾತ್ರೆಯೊಳಗೆ ಕೈ ಹಾಕಿದರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, "ಕಣ್ಣು ಮಂಜಾಗ್ಬುಟ್ಟೈತೆ ಬಸವಣ್ಣ. ತಪ್ಪಾಯ್ತು. ನಮ್ ಮನೇದು ತಗಂಡೋಗಿ ಹಂಚ್ಕಳಿ" ಅಂದರು.

ಕತ್ತಿ ತೊಳೆದು, ಬಟ್ಟೆ ಸುತ್ತಿ, ಅಟ್ಟಕ್ಕೆ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ತೂಕ ಸರಿ ಇತ್ತಲ್ಲ... ನಾನೇ ಸರಿ ಮಾಡಿದ್ದೆನಲ್ಲ... ಮತ್ತೆ ಹೇಗೆ?

ಏಪ್ರಿಲ್ ೨, ಬುಧವಾರ

ಗಿರಾಕಿಯೊಬ್ಬ ಬಂದು "ಅಕ್ಕ, ಬೋನ್‌ಲೆಸ್ ಅರ್ಧ ಕೆಜಿ" ಅಂದ. ಕತ್ತಿ ಎತ್ತಿದವಳು ಹಾಗೇ ನಿಂತೆ.

ಬೋನ್‌ಲೆಸ್‌ಗೆ ಒಂದು ರೇಟು, ಮೂಳೆ ಸಮೇತಕ್ಕೆ ಒಂದು ರೇಟು — ದಿನಾ ಬೆಳಗ್ಗೆ ಬೋರ್ಡಿನ ಮೇಲೆ ನಾನೇ ಬರೆಯುತ್ತೀನಿ. ಮಾವ ಮೂಳೆ ಹೆಚ್ಚಿದ್ದ ಎಲೆಗೆ ಒಂದಿಷ್ಟು ಜಾಸ್ತಿ ಹಾಕಿದ್ದರು, ಮೆತ್ತನೆಯದಕ್ಕೆ ಕಡಿಮೆ. ಆ ಜಾಸ್ತಿಯನ್ನೇ ನಾನು ಕಿತ್ತು ಹಾಕಿದೆ. ಕೈ ಹೋದದ್ದು ಅವರದಲ್ಲ. ಬುದ್ಧಿ ಹೋದದ್ದು ನನ್ನದು.

ಕಣ್ಣು ಕಾಣದೆ, ಬೆರಳಲ್ಲೇ ಹದಿನೆಂಟು ಮನೆಯ ಲೆಕ್ಕ! ಎಂಥ ಮನುಷ್ಯನಪ್ಪಾ.

ಇವತ್ತು ಹೇಳಬೇಕು.

ಏಪ್ರಿಲ್ ೩

ಹೇಳಲಿಲ್ಲ.

ಜೂನ್ ೨೨, ಭಾನುವಾರ

ಮಾವ ಬಾಡು ಮುಟ್ಟದೆ ಮೂರು ತಿಂಗಳಾಗುತ್ತಾ ಬಂತು. ಮೀನೂ ಬೇಡ. "ಹಲ್ಲಿಲ್ಲ ಕಣವ್ವ" ಅನ್ನುತ್ತಾರೆ. ಹುರಿಗಾಳು ಮಾತ್ರ ಕಟಕಟ ಅಗಿಯುತ್ತಾರೆ. ಕಲ್ಲುಬೆಂಚು ಖಾಲಿ. ಪಿಕಪ್ ಬಂದರೂ ಎದ್ದು ಬರುವವರಿಲ್ಲ. ಗಣೇಶ್ ಕೇಳಿದರು, "ಅಪ್ಪಂಗೆ ಏನಾಗೈತೆ?" ಗೊತ್ತಿಲ್ಲ ಅಂದೆ. ನಾಚಿಕೆಯಾಗುತ್ತೆ ನನಗೆ.

ಸೆಪ್ಟೆಂಬರ್ ೧೪, ಭಾನುವಾರ

ಬಸವಯ್ಯ ಅಂಗಡಿಗೆ ಬಂದರು. ಮುಂದಿನ ಭಾನುವಾರ ಹಿರಿಯರ ಅಮಾವಾಸ್ಯೆ, ಎಡೆಗೆ ಗುಡ್ಡೆ ಬಾಡೇ ಆಗಬೇಕಂತೆ.

"ದ್ಯಾವಣ್ಣಂಗೆ ಪಾಪ ಇನ್ನಾಗಕಿಲ್ಲ. ನೀನೇ ಬಾರವ್ವ ನಯ್ನ, ಮಿಷನ್ ತಗಂಡು. ಮಿಷನ್ ಸುಳ್ಳೇಳಕಿಲ್ಲ."

ನೂರಾರು ಗಿರಾಕಿಗಳಿಗೆ ಇದೇ ಮಾತು ಹೇಳಿದ್ದೀನಿ ನಾನು. ಇವತ್ತು ಅವರ ಬಾಯಲ್ಲಿ ಕೇಳಿ, ಮಿಷನ್ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಸೆಪ್ಟೆಂಬರ್ ೨೧, ಭಾನುವಾರ. ಬೆಳಗ್ಗೆ ಒಂಬತ್ತೂಕಾಲು

ಇಲ್ಲೇ, ಎಲೆಗಳ ಮುಂದೆ ಕೂತು ಬರೆಯುತ್ತಿದ್ದೀನಿ. ಬ್ಯಾಗಲ್ಲಿ ಡೈರಿ ಇದ್ದದ್ದು ಒಳ್ಳೆಯದಾಯ್ತು.

ಹೇಳಿಬಿಟ್ಟೆ. ಎಲ್ಲರ ಎದುರಿಗೇ. ಮಿಷನ್ ತೆಗೆ ಅಂತ ಬಸವಯ್ಯ ಅಂದಾಗ ತೆಗೆಯಲಿಲ್ಲ. "ಅವತ್ತು ಮಾವ ಸರಿಯಾಗೇ ಹಾಕಿದ್ರು. ಕೆಡಿಸಿದೋಳು ನಾನು" ಅಂದೆ. ತೂಕ ಮಾಡಿದ್ದು, ತುಂಡು ತೆಗೆದದ್ದು, ಆರು ತಿಂಗಳು ಬಾಯಿಮುಚ್ಚಿಕೊಂಡಿದ್ದು, ಎಲ್ಲಾ. ಮಾವ ದೂರದಲ್ಲಿ ಕೂತಿದ್ದರು. ಎದ್ದು ಬಂದರು.

"ನಂಗೊತ್ತಿತ್ತು" ಅಂದರು.

ನಾನು ಅವರ ಕಡೆ ತಿರುಗಿದೆ.

"ಬಸವಣ್ಣನ ಪಾತ್ರೆಗೆ ಕೈ ಹಾಕ್ದಾಗ್ಲೇ ಗೊತ್ತಾಯ್ತು. ಆ ಮೂಳೆ ಜೊತೆಗೆ ನಾನು ಹಾಕಿದ್ ತೊಡೆ ತುಂಡು ಅದ್ರಾಗಿರ್ನಿಲ್ಲ. ಕಾಯ್ತಿದ್ದೋಳು ನೀನೊಬ್ಳೇ."

"ಮತ್ಯಾಕ್ ಹೇಳ್ನಿಲ್ಲ ಮಾವ?"

"ತಕ್ಕಡಿ ಮುಂದೆ ಕೂತು ಬದುಕೋಳು ನೀನು. ನಿನ್ ಕೈ ಮೇಲೆ ಮಾತು ಬಂದ್ರೆ ಅಂಗ್ಡಿಗೆ ಯಾರವ್ವ ಬತ್ತಾರೆ? ನನ್ ಕಣ್ಣಿಗೆ ಬಂದ್ರೆ ಏನ್ ಹೋಯ್ತೈತೆ."

ಅತ್ತುಬಿಟ್ಟೆ. ಊರೆಲ್ಲ ನೋಡುತ್ತಿದ್ದರೂ ಅತ್ತುಬಿಟ್ಟೆ. ಆರು ತಿಂಗಳು ಈ ಮನುಷ್ಯ ನನ್ನ ತಪ್ಪನ್ನು ಹೊತ್ತುಕೊಂಡು ಹುರಿಗಾಳು ಅಗಿಯುತ್ತಾ ಕೂತಿದ್ದರು.

ಮಾವ ಕತ್ತಿ ತರಿಸಿದರು. ನನ್ನ ಕೈಗೆ ಕೊಟ್ಟರು. "ಹೆಂಗ್ಸು ಗುಡ್ಡೆ ಹಾಕೋದಾ?" ಅಂತ ಹಿಂದಿನಿಂದ ಯಾರೋ ಅಂದರು. "ಹಬ್ಬಕ್ಕೊಂದು ಕುರಿ ಕುಯ್ದೋನು ನಾನು. ಇವ್ಳು ದಿನಾ ಕುಯ್ತಾಳೆ. ಮುಚ್ಕಂಡಿರೋ" ಅಂದರು ಮಾವ.

ಪಕ್ಕದಲ್ಲೇ ಕೂತರು. "ಅಂಗೈನಾಗೆ ಒಂದ್ ಚಣ ಇಟ್ಕೊ. ಭಾರ ನೋಡ್ಬ್ಯಾಡ. ಉಂಡಾಗ ಹೊಟ್ಟೆಗೆ ಎಷ್ಟು ಸೇರ್ತೈತೆ ಅಂತ ನೋಡು." ಮೊದಲ ನಾಕು ಎಲೆಗೆ ನನ್ನ ಕೈ ಕೆಳಗೆ ಅವರ ಕೈ ಇತ್ತು. ಐದನೆಯದಕ್ಕೆ ತೆಗೆದುಬಿಟ್ಟರು. ನನಗೆ ಗೊತ್ತೇ ಆಗಲಿಲ್ಲ.

ಈಗ ಎಲ್ಲರೂ ಗುಡಿಗೆ ಹೋಗಿದ್ದಾರೆ. ಹೋಗುವಾಗ ಬಸವಯ್ಯನೇ ಹೇಳಿದರು, "ಕಾಯಕ್ಕೆ ನಯ್ನನೇ ಇರ್ಲಿ ಬುಡ್ರೋ." ಮಿಷನ್ ಬ್ಯಾಗಲ್ಲೇ ಇದೆ. ಯಾರೂ ಈಸಿಕೊಂಡು ಹೋಗಲಿಲ್ಲ.

ಹದಿನೆಂಟು ಎಲೆ. ಕಾಗೆಯೊಂದು ತೆಂಗಿನ ಗರಿಯ ಮೇಲೆ ಕೂತು ನೋಡುತ್ತಿದೆ. ನಾನೂ ನೋಡುತ್ತಿದ್ದೀನಿ. ಆ ಮೂಲೆಯದು ಸ್ವಲ್ಪ ಕಡಿಮೆ ಕಾಣುತ್ತಲ್ಲ? ಇಲ್ಲ... ಅದರಲ್ಲಿ ತೊಡೆ ಇದೆ. ಬ್ಯಾಗಿನ ಜಿಪ್ ಹಾಕಿದೆ.

ಗಂಟೆ ಬಡಿಯಿತು. ಬರುತ್ತಿದ್ದಾರೆ. ಮುಂದೆ ಬಸವಯ್ಯ, ಇಂದ್ರಮ್ಮ. ಎಲ್ಲರಿಗಿಂತ ಹಿಂದೆ ಮಾವ, ಕೈಯಲ್ಲಿ ನಮ್ಮನೆ ಪಾತ್ರೆ! ವರ್ಷತೊಡಕಿನಿಂದ ಬಾಡು ಮುಟ್ಟದವರು... ಕೊನೆಗೆ ಉಳಿದ ಎಲೆ ನಮ್ಮದು, ಯಾವುದು ಉಳಿದರೂ ಒಂದೇ.