ದ್ವೀಪ ಕೇಳುವ ಜಾಗ

12, ಮಂಗಳವಾರ, ಬೆಳಿಗ್ಗೆ 6.10

ಇವತ್ತೂ ರೇಡಿಯೋದಲ್ಲಿ ಬರೀ ಗೊರಗೊರ. ದ್ವೀಪದ ಸುಳಿವಿಲ್ಲ. ಟೀ ಆರಿಹೋಯಿತು. ಆ ಬಂಡೆಯ ಮೇಲೆ ಜನವಸತಿಯೇ ಇಲ್ಲ. ನಾಲ್ವರು ರೇಡಿಯೋ ಹುಚ್ಚರು ಹತ್ತು ದಿನಕ್ಕೆಂದು ದೋಣಿಯಲ್ಲಿ ಹೋಗಿ ಕೂತಿದ್ದಾರೆ. ಚಿಕ್ಕಪ್ಪ ಹ್ಯಾಮ್ ರೇಡಿಯೋದವರು; ಲೋಕದ ದೇಶ-ದ್ವೀಪಗಳ ಅವರ ಪಟ್ಟಿಯಲ್ಲಿ ಮಾತಾಡಿಸಲು ಬಾಕಿ ಇರುವುದು ಅದೊಂದೇ. ಮೂವತ್ತೊಂದು ವರ್ಷದ ಪಟ್ಟಿ. 20ಕ್ಕೆ ಅವರ ಮನೆ ಓನರ್ ತಾರಸಿ ರಿಪೇರಿಗೆಂದು ಆಂಟೆನಾ ಇಳಿಸುತ್ತಾನೆ. ಮತ್ತೆ ಏರಿಸಲು ಬಿಡುವುದಿಲ್ಲವಂತೆ.

ಚಿಕ್ಕಪ್ಪನ ಕಿವಿ ಮಂದವಾಗಿದೆ. ಡಯಲ್ ತಿರುಗಿಸಿ ಹುಡುಕಲು ಆಗದು. ನಾನು ಹುಡುಕಿ ಇಂಟರ್ನೆಟ್ಟಿನಲ್ಲಿ ಸ್ಪಾಟ್ ಹಾಕಬೇಕು — ಯಾವ ಸ್ಟೇಷನ್, ಯಾವ ಫ್ರೀಕ್ವೆನ್ಸಿ. ಅವರು ಪರದೆ ನೋಡಿ ಬರುತ್ತಾರೆ. ಅವರೊಬ್ಬರೇ ಏನು, ಲೋಕವೇ ಬರುತ್ತದೆ. ಫೋನಿನಲ್ಲೇ ಹೇಳಿಬಿಡುತ್ತೇನೆಂದರೆ ಬೇಡವಂತೆ.

“ಕೇಳ್ಸಿದ್ರೆ ಎಲ್ರಿಗೂ ಹಾಕಮ್ಮ. ನಂಗೊಬ್ನಿಗೇ ಗುಟ್ಟಾಗಿ ಹೇಳಿದ್ರೆ ಅದು ಕಳ್ತನ.”

ಹಠಕ್ಕೆ ಇವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

14, ಗುರುವಾರ, 6.52

ಕೇಳಿಸಿತು. ಸೊಳ್ಳೆ ದನಿಯ ಮೋರ್ಸ್, ಚುಕ್ಕಿ-ಗೆರೆಗಳ ಬೀಪು, ಆದರೆ ದ್ವೀಪವೇ. ಕೂಡಲೇ ಸ್ಪಾಟ್ ಹಾಕಿದೆ.

7.20

ನನ್ನ ಕೈ ಮುರಿಯ. ದ್ವೀಪದವರು ಹೇಳುವುದು ಒಂದು ಜಾಗದಲ್ಲಿ, ಕೇಳುವುದು ಐದು ಕಿಲೋಹರ್ಟ್ಸ್ ಮೇಲೆ. ಅದಕ್ಕೇ ಸ್ಪಾಟಿನ ಕೊನೆಗೆ ‘ಅಪ್ 5’ ಎಂದು ಸೇರಿಸಬೇಕು. ಸೇರಿಸಲಿಲ್ಲ. ಎಂಟು ವರ್ಷದಿಂದ ಹಾಕುತ್ತಿರುವವಳು ನಾನು. ನೂರಾರು ಜನ ದ್ವೀಪದ ಬಾಯಿಯ ಮೇಲೇ ಬಂದು ಕರೆದರು. ಅವರ ದನಿಯೇ ಹೂತುಹೋಯಿತು. ತಿದ್ದಿ ಹಾಕುವಷ್ಟರಲ್ಲಿ ದ್ವೀಪದವರು ಎದ್ದು ಹೋಗಿದ್ದರು. ಯಾರೋ ಪರದೆಯಲ್ಲೇ ಬೈದಿದ್ದಾರೆ, ಮೊದಲು ಕಿವಿ ತೊಳೆದುಕೊಂಡು ಬಾ ಅಂತ. ಆತುರಗಾರನಿಗೆ ಬುದ್ಧಿ ಮಟ್ಟ.

ಸಂಜೆ

ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಒಬ್ಬರ ಎಡಗಾಜನ್ನು ಬಲಕ್ಕೆ ಕೂರಿಸಿದೆ. ಓನರಮ್ಮ ಗುರಾಯಿಸಿದರು. ಚಿಕ್ಕಪ್ಪನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. ಬೈದಿದ್ದರೆ ಮನಸ್ಸಾದರೂ ಹಗುರಾಗುತ್ತಿತ್ತು. ಮುಂದಿನ ಸಲ ದ್ವೀಪ ನಿಮ್ಮನ್ನು ಕರೆದ ಕೂಡಲೇ ಫೋನ್ ಮಾಡಿ ತಿಳಿಸಲೇ ಎಂದೆ.

“ಜಾಗ ತೋರ್ಸು, ಸಾಕು. ಅವ್ರು ಕರ್ದಿದ್ದು ನನ್ ಕಿವಿಗೇ ಬೀಳ್ಬೇಕು. ಇಲ್ದಿದ್ರೆ ಪಟ್ಟಿಗೆ ಸೇರ್ಸಲ್ಲ.”

18, ಸೋಮವಾರ

ನಾಲ್ಕು ದಿನ ಬರೆಯಲು ಏನೂ ಇರಲಿಲ್ಲ. ಗೊರಗೊರ, ಎದುರುಮನೆಯ ಪಂಪು, ಮತ್ತೆ ಗೊರಗೊರ. ಒಂದು ವಾರ ತಡೆಯಿರಿ ಎಂದು ಚಿಕ್ಕಪ್ಪನ ಓನರ್ ಹತ್ತಿರ ಕೇಳಿಬಂದೆ. ಕೆಲಸದವರು ಸಿಗುವುದೇ ಕಷ್ಟವಂತೆ. ಗೋಡೆಗೆ ಹೇಳಿದ್ದರೂ ಒಂದಿಷ್ಟು ಕರಗುತ್ತಿತ್ತು.

19, ಮಂಗಳವಾರ, 6.31

ಬಂದರು. ದ್ವೀಪದವರ ಕೊನೆಯ ಬೆಳಿಗ್ಗೆ. ಫ್ರೀಕ್ವೆನ್ಸಿ ಎರಡು ಸಲ ನೋಡಿದೆ. ಅಪ್ 5. ಮೂರನೆಯ ಸಲವೂ ನೋಡಿದೆ. ಹಾಕಿದೆ.

6.38

ಹೆಡ್‌ಫೋನಿನಲ್ಲಿ ಎಡಗಿವಿಗೆ ದ್ವೀಪ, ಬಲಗಿವಿಗೆ ಐದು ಮೇಲೆ ಕರೆಯುವವರ ಸಂತೆ. ನಾನು ಕರೆಯುತ್ತಿಲ್ಲ. ಸಂತೆಯ ನಡುವೆ ಚಿಕ್ಕಪ್ಪ — ಮೋರ್ಸಿನ ಗೆರೆಗಳನ್ನು ಎಳೆದೆಳೆದು ಒತ್ತುವ ಆ ಕೈ ಎಲ್ಲಿದ್ದರೂ ಗೊತ್ತಾಗುತ್ತದೆ. ಸರಿಯಾದ ಜಾಗದಲ್ಲೇ ಇದ್ದಾರೆ.

6.44

ದ್ವೀಪ ಚಿಕ್ಕಪ್ಪನ ಕಾಲ್‌ಸೈನಿನ, ಅಂದರೆ ರೇಡಿಯೋ ಹೆಸರಿನ, ಕೊನೆಯ ಮೂರು ಅಕ್ಷರ ಹಿಡಿಯಿತು. ಪೂರ್ತಿ ಹೇಳಿ ಎನ್ನುತ್ತಿದೆ. ಉಳಿದವರೆಲ್ಲ ದಾರಿ ಬಿಟ್ಟು ಸುಮ್ಮನಾದರು. ಚಿಕ್ಕಪ್ಪನೂ ಸುಮ್ಮನಿದ್ದಾರೆ.

ಕೇಳಿಸಿಲ್ಲ.

ಮತ್ತೆ ಕರೆಯಿತು. ಫೋನ್ ನನ್ನ ಕೈಯಲ್ಲೇ ಇದೆ. ಮಾಡಿದರೆ ಉತ್ತರ ಕೊಟ್ಟಾರು, ಪಟ್ಟಿಗೆ ಮಾತ್ರ ಸೇರಿಸರು. ಹಾಳು ಹಠ. ಅಳು ಬರುತ್ತಿದೆ. ಮೂರನೇ ಸಲ ಕರೆಯುತ್ತಿದ್ದಾರೆ. ಇಷ್ಟು ತಾಳ್ಮೆ ಯಾರಿಗಿರುತ್ತದೆ… ಚಿಕ್ಕಪ್ಪ, ನಿಮ್ಮನ್ನೇ ಕರೀತಿರೋದು. ಹೆಡ್‌ಫೋನ್ ಒತ್ತಿ ಹಿಡ್ಕೊಂಡು ಒಂದೇ ಒಂದು ಸಲ…

ಫೋನ್ ಕೆಳಗಿಟ್ಟೆ.

ಬಲಗಿವಿಯಲ್ಲಿ ಒಂದು ಗೆರೆ. ಎಳೆದೆಳೆದು ಒತ್ತಿದ್ದು, ಆ ಕೈಯೇ —