ಎರಡನೇ ತಂತಿ, ಐದನೇ ಫ್ರೆಟ್

ಕ್ಲಾಸಿನ ಕೋಣೆಯಿಂದ,
ತಾರೀಖು 14, ಭಾನುವಾರ

ಪ್ರೀತಿಯ ಕಡ್ಡಿ,

ನಿನ್ನ ಅಣ್ಣ ಬರೆಯುತ್ತಿದ್ದೇನೆ. ಮಂಡಿನೋವೊಂದು ಬಿಟ್ಟರೆ ಆರೋಗ್ಯವಾಗಿದ್ದೇನೆ. ನಿನಗೀಗ ಹೊಟ್ಟೆ ಬಂದಿದೆ ಎಂದು ನಿನ್ನ ಮಗಳು ಬರೆದಿದ್ದಾಳೆ. ಬಂದರೆ ಬರಲಿ, ನನ್ನ ಪಾಲಿಗೆ ನೀನು ಕಡ್ಡಿಯೇ. ಅವಳ ಕಾಗದ ಕೈಸೇರಿ ಮೂರು ತಿಂಗಳಾಯಿತು. ಪುರುಸೊತ್ತಾಗಲಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಟು ಕಾಣಿಸುತ್ತದೆ ನೋಡು. ಪುರುಸೊತ್ತು ಬೇಕಾದಷ್ಟಿತ್ತು. ಬರೆಯಲು ಕೈ ಬರಲಿಲ್ಲ, ಅಷ್ಟೇ. ಬಯ್ಯಬೇಡ.

ಅವಳು ಯಾರದೋ ಹಳೇ ಗಿಟಾರ್ ತಂದುಕೊಂಡಿದ್ದಾಳಂತೆ. ಕಲಿಸಪ್ಪ ಎಂದಿದ್ದಕ್ಕೆ ನೀನು, "ನನಗೆ ಬರಲ್ಲಮ್ಮ, ನನ್ನ ಬೆರಳನ್ನ ನಂಬಕ್ಕಾಗಲ್ಲ, ದೊಡ್ಡಪ್ಪನ್ನ ಕೇಳು" ಎಂದೆಯಂತೆ. ಅದಕ್ಕೇ ನನ್ನನ್ನು ನಮ್ಮ ತಂಡದ ಟ್ಯೂನಿನ ಟ್ಯಾಬ್ ಕೇಳಿದ್ದಾಳೆ, ಯಾವ ತಂತಿಯನ್ನು ಎಷ್ಟನೇ ಫ್ರೆಟ್ಟಿನ ಪಟ್ಟಿಯಲ್ಲಿ ಒತ್ತಬೇಕೆಂದು ಅಂಕಿಯಲ್ಲಿ ಬರೆದುಕೊಡಬೇಕಂತೆ. "ರೆಕಾರ್ಡಲ್ಲಿ ಇರೋ ಹಾಗೇ ಬೇಕು ದೊಡ್ಡಪ್ಪ. ಅಪ್ಪ ತಪ್ಪು ನುಡಿಸಿದ ಜಾಗಾನೂ ಬಿಡಬೇಡಿ. ಅದಿದ್ರೇನೇ ನಮ್ಮನೇದು ಅನ್ಸೋದು." ಪಾಪ, ಪ್ರೀತಿಯಿಂದಲೇ ಬರೆದಿದ್ದಾಳೆ. ಆ ಸಾಲು ಓದಿ ಕಾಗದವನ್ನು ಮಡಿಸಿ ಡ್ರಾಯರಿನಲ್ಲಿಟ್ಟೆ. ಆಮೇಲೆ ಆ ಡ್ರಾಯರನ್ನು ತೆರೆಯಲಿಲ್ಲ, ಅದರಲ್ಲಿದ್ದ ಹೊಸ ತಂತಿಗಳು ಬೇಕಾದಾಗಲೂ ತೆರೆಯಲಿಲ್ಲ.

ನಾನಿರುವ ಕೋಣೆಯನ್ನು ನೀನು ನೋಡಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಹತ್ತಡಿಗೆ ಹನ್ನೆರಡು. ಪಕ್ಕದಲ್ಲಿ ಹಲ್ಲಿನ ಡಾಕ್ಟರು. "ನಿಮ್ಮ ಗಲಾಟೆಗೆ ನನ್ನ ಪೇಷೆಂಟು ಬಾಯಿ ಮುಚ್ಚಿಕೊಳ್ತಾರೆ" ಎಂದು ಜಗಳ ತೆಗೆದರು. ಅಂದಿನಿಂದ ಇದ್ದೊಂದು ಕಿಟಕಿಗೂ ಹಲಗೆ ಬಡಿಸಿದ್ದೇನೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದೇನೆ. ಬಾಗಿಲು ಹಾಕಿದರೆ ಹೊರಗೆ ಬಿಸಿಲೋ ಮಳೆಯೋ ತಿಳಿಯುವುದಿಲ್ಲ. ಇಲ್ಲಿ ಕೂತು ದಿನಕ್ಕೆ ಆರು ಕ್ಲಾಸು, ಆರರಲ್ಲೂ ಅದೇ ಟ್ಯೂನು. ಬೇರೆ ಎಷ್ಟೋ ಬರುತ್ತದೆ ನನಗೆ, ಯಾರಿಗೂ ಬೇಡ. ರೇಡಿಯೋದವರು ಬೆಳಗಿನ ಕಾರ್ಯಕ್ರಮಕ್ಕೆ ನಮ್ಮದನ್ನೇ ಹಾಕುತ್ತಾರಲ್ಲ, ಬಂದವರೆಲ್ಲ "ಬೆಳಗಿನದು ಕಲಿಸಿ ಮೇಷ್ಟ್ರೇ" ಎನ್ನುತ್ತಾರೆ. ಗಾಣದೆತ್ತಿಗಾದರೂ ಸಂಜೆ ನೊಗ ಇಳಿಸುತ್ತಾರೆ. ಕ್ಷೌರದಂಗಡಿಯಲ್ಲೂ ಅದೇ ಕೇಳಿಸುತ್ತದೆಂದು ಅಂಗಡಿ ಬದಲಾಯಿಸಿದೆ, ಹೊಸಬನ ಹತ್ತಿರವೂ ರೇಡಿಯೋ ಇತ್ತು. ಈಗ ತಲೆಯಲ್ಲಿ ಕೂದಲೇ ಇಲ್ಲದಿರುವುದರಿಂದ ಆ ಕಷ್ಟ ತಪ್ಪಿದೆ.

"ಟ್ಯಾಬ್ ಎಷ್ಟು ಕರಾರುವಾಕ್ಕಾಗಿರಬೇಕು?" ಎಂದು ಹೊಸಬರೆಲ್ಲ ಕೇಳುತ್ತಾರೆ. ನನ್ನದು ಒಂದೇ ಉತ್ತರ: "ಅಯ್ಯೋ, ಅದು ಬರೀ ದಾರಿ ತೋರಿಸೋ ಬೋರ್ಡು. ಹತ್ತಿರ ಹತ್ತಿರ ಇದ್ರೆ ಸಾಕು, ಮಿಕ್ಕಿದ್ದು ಕಿವಿ ನೋಡ್ಕೊಳ್ಳುತ್ತೆ." ಮಾತು ಸುಳ್ಳಲ್ಲ. ಕಲಿಯುವವರು ಒಂದೊಂದು ಅಂಕಿಗೂ ಹೆದರಿ ಕೂತರೆ ಕೈ ಏಳುವುದೇ ಇಲ್ಲ. ಆದರೆ ನಾನು ಅದನ್ನು ಹೇಳುತ್ತಾ ಬಂದಿರುವುದು ಅವರಿಗಾಗಿ ಅಲ್ಲ.

ಔಷಧಿ ಅಂಗಡಿ ನಡೆಸುವ ಹೆಂಗಸೊಬ್ಬರು ಈ ವರ್ಷ ಸೇರಿದ್ದಾರೆ. ಐವತ್ತು ದಾಟಿದೆ, ಕತ್ತಿಗೆ ಕನ್ನಡಕದ ಸರ, ಮಹಾ ಮೊಂಡು. ಮೊದಲ ದಿನವೇ ನನ್ನ ಬೋರ್ಡಿನ ಮಾತಿಗೆ, "ಹತ್ತಿರ ಹತ್ತಿರ ಅಂತ ನಾನು ಮಾತ್ರೆ ಕೊಟ್ಟಿದ್ರೆ ಈ ಬೀದೀಲಿ ಯಾರೂ ಉಳೀತಿರ್ಲಿಲ್ಲ ಮೇಷ್ಟ್ರೇ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕಳೆದ ಮಂಗಳವಾರ ಅವರು ರೆಕಾರ್ಡು, ಹೆಡ್‌ಫೋನು ಎರಡನ್ನೂ ಹೊತ್ತು ತಂದರು. ಗೋಡೆಯ ಮೇಲಿರುವ ನನ್ನ ಹಾಳೆಯನ್ನು ತೋರಿಸಿ, "ಇಲ್ಲಿ ಎರಡನೇ ತಂತಿ ಮೇಲೆ ಆರು ಅಂತ ಬರೆದಿದ್ದೀರಿ. ನುಡಿಸಿ ನೋಡ್ದೆ, ಸ್ವರ ಅದೇ, ದನಿ ಅದಲ್ಲ. ನನ್ನದು ತೆಳ್ಳಗೆ ಬರುತ್ತೆ, ರೆಕಾರ್ಡಲ್ಲಿರೋದು ದಪ್ಪ" ಎಂದರು. ಆಮೇಲೆ ಮೂರನೇ ತಂತಿಯ ಹತ್ತನೇ ಫ್ರೆಟ್ಟಿಗೆ ಬೆರಳಿಟ್ಟು ಮೀಟಿದರು. ಅದೇ ದನಿ, ಅದೇ ಅಪಸ್ವರ.

"ಇನ್ನೊಂದಿದೆ ಕೇಳಿ. ಆ ದಪ್ಪ ದನಿಯ ಕೆಳಗೆ ತೆಳ್ಳಗೆ ಐದನೇ ಫ್ರೆಟ್ಟೂ ಕೇಳ್ಸುತ್ತೆ. ಮೊದಲನೇ ಗಿಟಾರಿನವರು ಸರಿಯಾಗೇ ನುಡಿಸಿದ್ದಾರೆ. ತಪ್ಪಿದ್ದು ಎರಡನೆಯವರು. ಅವರ್ಯಾರು?"

"ಹೊತ್ತಾಯ್ತು, ಮುಂದಿನ ಕ್ಲಾಸಿನವರು ಬರ್ತಾರೆ" ಎಂದೆ. ಯಾರೂ ಬರುವವರಿರಲಿಲ್ಲ. ಆಕೆ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತರು. "ಡಾಕ್ಟರ ಚೀಟೀಲಿ ತಪ್ಪಿದ್ರೆ ನಾವು ತಿದ್ದೋ ಹಾಗಿಲ್ಲ. ಬರೆದವರ ಹತ್ರಾನೇ ವಾಪಸ್ ಕಳಿಸ್ತೀವಿ" ಎಂದು ಹೇಳಿ ಮೆಟ್ಟಿಲಿಳಿದರು.

ರೆಕಾರ್ಡಿಂಗಿನ ಆ ದಿನ ನಿನಗೆ ನೆನಪಿದೆಯಲ್ಲ. ನಿನಗೆ ಹದಿನೇಳು, ನನಗೆ ಇಪ್ಪತ್ತನಾಲ್ಕು. ಕೊನೇ ಸುತ್ತಿನಲ್ಲಿ ಇಬ್ಬರೂ ಒಂದೇ ಟ್ಯೂನು ನುಡಿಸಿದೆವು, ನೀನು ಮೊದಲನೇ ಗಿಟಾರು, ತೆಳು ತಂತಿಯ ಮೇಲೆ, ನಾನು ಎರಡನೇದು, ದಪ್ಪದರ ಮೇಲೆ. ಟೇಪು ಕೇಳುವಾಗ ಆ ಅಪಸ್ವರ ಬಂತು. ನಮ್ಮ ತಂಡದ ಯಜಮಾನಿಕೆ ಮಾಡುತ್ತಿದ್ದ ಡ್ರಮ್ಮಿನವನು "ಯಾವನೋ ಅದು?" ಎಂದು ಕೂಗಿದ. ಹಿಂದಿನ ದಿನ ಪ್ರಾಕ್ಟೀಸಿನಲ್ಲಿ ನೀನು ಎರಡು ಸಲ ಎಡವಿದ್ದೆ, ಎಲ್ಲರಿಗಿಂತ ಚಿಕ್ಕವನು ಬೇರೆ, ಎಲ್ಲರೂ ನಿನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಕಿಲಾಡಿ, ನಿನ್ನ ಹೆಗಲು ನೋಡಿದೆ. ಹೌದು ಕಡ್ಡಿ, ತಪ್ಪಿದ್ದು ನನ್ನ ಬೆರಳು. ನಿನ್ನ ಐದರಲ್ಲಿ ಬರುವ ಸ್ವರಕ್ಕೇ ನನ್ನ ದಪ್ಪ ತಂತಿಯಲ್ಲಿ ಒಂಬತ್ತನೇ ಫ್ರೆಟ್ಟಿಗೆ ಹೋಗಬೇಕಾದ್ದು ಹತ್ತಕ್ಕೆ ಹೋಯಿತು. ಸ್ಟುಡಿಯೋಕ್ಕೆ ಬೇರೆ ತಂಡದವರು ಬಂದು ನಿಂತಿದ್ದರು, ಮತ್ತೆ ನುಡಿಸಲು ಸಮಯವಿರಲಿಲ್ಲ, ಅದು ಹಾಗೇ ಉಳಿಯಿತು. ಡ್ರಮ್ಮಿನವನು ನಿನ್ನನ್ನು ತಂಡದಿಂದ ತೆಗೆದ. ಆ ವಾರವೇ ನೀನು ಮಾವನ ಊರಿಗೆ ಕನ್ನಡಕದ ಗಾಜು ಉಜ್ಜುವ ಕೆಲಸಕ್ಕೆ ಹೊರಟೆ. ನಾನು ನಿನ್ನ ಬಟ್ಟೆ ಮಡಿಸಿಕೊಟ್ಟೆ.

ಕ್ಲಾಸು ಶುರುಮಾಡಿದಾಗ ಟ್ಯಾಬ್ ಬರೆಯಬೇಕಾಯಿತು. ನಿನ್ನ ಸಾಲಿನಲ್ಲಿ ಐದು ಇರಬೇಕಾದಲ್ಲಿ ಆರು ಎಂದು ಬರೆದೆ. ನನ್ನ ಸಾಲನ್ನು ಬರೆಯಲೇ ಇಲ್ಲ, "ಎರಡನೇ ಗಿಟಾರ್ ಅಷ್ಟೇನೂ ಮುಖ್ಯ ಅಲ್ಲ" ಎಂದುಬಿಟ್ಟೆ. ಮೊದಲ ಸಲ ಬರೆದು ಅಳಿಸಿ ಮತ್ತೆ ಬರೆದೆ, ನೂರನೇ ಸಲಕ್ಕೆ ಅಭ್ಯಾಸವಾಯಿತು. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಆರು ಸಲ, ನೀನು ಮಾಡದ ತಪ್ಪನ್ನು ನಿನ್ನ ಹೆಸರು ಹೇಳಿ ಕಲಿಸುತ್ತಿದ್ದೇನೆ. "ನನ್ನ ತಮ್ಮ ಇಲ್ಲಿ ಸ್ವಲ್ಪ ಜಾರಿದ, ಆದ್ರೆ ಚೆಂದ ಜಾರಿದ" ಎಂದು ತಮಾಷೆ ಬೇರೆ ಮಾಡುತ್ತೇನೆ. ನನಗೇ ನಾಚಿಕೆಯಾಗುತ್ತದೆ. ಮರುದಿನ ಏಳು ಗಂಟೆಗೆ ಮತ್ತೆ ಅದನ್ನೇ ಹೇಳುತ್ತೇನೆ.

ಮಗಳಿಗಾಗಿ ಬರೆದ ಟ್ಯಾಬ್ ಇದರ ಜೊತೆಗಿದೆ. ಆರು ಗೆರೆ ಎಂದರೆ ಆರು ತಂತಿ, ಗೆರೆಯ ಮೇಲಿನ ಅಂಕಿ ಎಂದರೆ ಫ್ರೆಟ್ಟು ಎಂದು ತಿಳಿಸಿಕೊಡು, ಅಷ್ಟಾದರೂ ನೆನಪಿರಬೇಕಲ್ಲ ನಿನಗೆ. ಈ ಸಲ ಎರಡೂ ಗಿಟಾರಿನದನ್ನು ಬರೆದಿದ್ದೇನೆ. ಕೊನೇ ಸುತ್ತಿನಲ್ಲಿ ನಿನ್ನ ಸಾಲಲ್ಲಿ ಎರಡನೇ ತಂತಿ, ಐದು. ನನ್ನದರಲ್ಲಿ ಮೂರನೇ ತಂತಿ, ಹತ್ತು, ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ. ತಪ್ಪು ಬೇಕೆಂದಿದ್ದಳಲ್ಲ, ಅದು ದೊಡ್ಡಪ್ಪನದು ಎಂದು ಹೇಳು.

ಗೋಡೆಯ ಮೇಲೆ ಮಾತ್ರ ಇನ್ನೂ ಹಳೇ ಹಾಳೆಯೇ ಇದೆ. ಎರಡು ಸಲ ಕುರ್ಚಿ ಹತ್ತಿದೆ, ಇಳಿದೆ. ಊರಿಗೂರೇ ನನ್ನಿಂದ ಆ ಆರನ್ನು ಕಲಿತಿದೆ. ಕಿತ್ತರೆ ಯಾಕೆಂದು ಕೇಳುತ್ತಾರೆ, ಬಿಟ್ಟರೆ ಮಂಗಳವಾರ ಔಷಧಿ ಅಂಗಡಿಯವರು ಬರುತ್ತಾರೆ. ನೀನೇನಾದರೂ ಒಂದು ಸಾಲು ಬರೆದರೆ, ಬೈದಾದರೂ ಬರೆದರೆ, ಕೀಳಲು ಕೈ ಬರಬಹುದೇನೋ. ನಿನ್ನ ಮೇಲೆ ಮತ್ತೆ ಭಾರ ಹಾಕುತ್ತಿದ್ದೇನೆ, ನೋಡು ನನ್ನ ಬುದ್ಧಿ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಗಳ ಬೆರಳಿನ ತುದಿ ಮೊದಲ ತಿಂಗಳು ಉರಿಯುತ್ತದೆ, ಬಿಡಬಾರದು. ಅವಳ ಕೈಗೆ ಒಳ್ಳೆಯದಾಗಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಣ್ಣ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಆಗಲಿಲ್ಲ. ನೀನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ, ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಕೇಳಿದೆ: "ಅಣ್ಣಾ, ನನ್ನ ಬೆರಳು ಐದರ ಮೇಲೇ ಇತ್ತು ಅನ್ಸುತ್ತೆ. ನೀನು ಪಕ್ಕದಲ್ಲೇ ಇದ್ಯಲ್ಲ, ನೋಡ್ಲಿಲ್ವಾ?" ನಾನು ನೋಡಿದ್ದೆ. ಐದರ ಮೇಲೇ ಇತ್ತು. "ಇಲ್ಲ ಕಣೋ, ಆರರ ಮೇಲಿತ್ತು, ನಾನೇ ಕಣ್ಣಾರೆ ಕಂಡೆ" ಎಂದೆ. ನೀನು ಎಡಗೈಯನ್ನು ಎತ್ತಿ ಬೆರಳುಗಳನ್ನು ಒಮ್ಮೆ ನೋಡಿಕೊಂಡು, "ನೀನು ಹೇಳಿದ್ಮೇಲೆ ಸರಿ ಬಿಡು" ಎಂದು ಬಸ್ಸು ಹತ್ತಿದೆ.